ಅಜ್ಜಿಯ ಊಟದ ತಟ್ಟೆ, ಅಪ್ಪನ ಇಸಿಜಿ

ಮೊನ್ನೆ ಆಫೀಸಿನಲ್ಲಿ ಒಂದು ದಿನದ ಟ್ರೈನಿಂಗ್ ಇತ್ತು. ವಿಷಯ ಟೀಮ್ ವರ್ಕ್. ನಿಮ್ಮಲ್ಲಿ ಐಟಿಯವರಿದ್ದರೆ ಗೊತ್ತಿರುತ್ತೆ, ಹಳದಿ ಚೀಟಿಯಲ್ಲಿ ಏನೇನೋ ಬರೆದು ಗೋಡೆಗೆ ಅಂಟಿಸೋದು, ಮಧ್ಯಾಹ್ನ ಪನೀರ್ ಊಟ, ಸಂಜೆ ಎಲ್ಲರೂ ನಿಂತು ಒಂದು ಫೋಟೋ. ಟ್ರೈನಿಂಗ್ ಕೊಡಲು ಬಂದವರು ಕೊನೆಗೆ ಒಂದು ಪ್ರಶ್ನೆ ಕೇಳಿದರು. "ನಿಮ್ಮ ಜೀವನದಲ್ಲಿ ನೀವು ಕಂಡ ಅತ್ಯುತ್ತಮ ಟೀಮ್ ಯಾವುದು?"

ಒಬ್ಬ 2011ರ ವರ್ಲ್ಡ್ ಕಪ್ ಟೀಮ್ ಅಂದ. ಇನ್ನೊಬ್ಬಳು ತನ್ನ ಹಳೇ ಕಂಪನಿಯ ಪ್ರಾಜೆಕ್ಟ್ ಬಗ್ಗೆ ಹೇಳಿದಳು. ನನ್ನ ಸರದಿ ಬಂದಾಗ ಕಾಲೇಜಿನ ಯಾವುದೋ ಫೆಸ್ಟ್ ಬಗ್ಗೆ ಏನೋ ಹೇಳಿ ಕೂತುಬಿಟ್ಟೆ. ಸುಳ್ಳು ಹೇಳಿದೆ ಅಂತಲ್ಲ, ನಿಜ ಹೇಳೋಕೆ ಎರಡು ನಿಮಿಷ ಸಾಕಾಗುತ್ತಿರಲಿಲ್ಲ. ನಾನು ಕಂಡ ಅತ್ಯುತ್ತಮ ಟೀಮಿನಲ್ಲಿ ಇದ್ದವರು ಒಬ್ಬ ಜೀಪ್ ಡ್ರೈವರ್, ಒಬ್ಬರು ಸಿಸ್ಟರ್, ಒಬ್ಬರು ಡಾಕ್ಟರ್, ಇಬ್ಬರು 108ರ ಹುಡುಗರು. ಅವರೆಲ್ಲ ಒಟ್ಟಿಗೆ ನಿಂತು ಒಂದು ಫೋಟೋ ಕೂಡ ತೆಗೆಸಿಕೊಂಡಿಲ್ಲ.

ನಾನು ಕಂಡ ಅತ್ಯಂತ ಕೆಟ್ಟ ಟೀಮ್ ಕೂಡ ಆಸ್ಪತ್ರೆಯದ್ದೇ. ಅದರಲ್ಲಿ ನಾನೂ ಇದ್ದೆ. ಅದನ್ನೇ ಮೊದಲು ಹೇಳಿಬಿಡ್ತೀನಿ.

* * *

2018. ನಾನಾಗ ಇಂಜಿನಿಯರಿಂಗ್ ಮೂರನೇ ವರ್ಷ. ಅಜ್ಜಿಗೆ ನ್ಯುಮೋನಿಯಾ ಆಗಿ ಪೇಟೆಯ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದ್ದೆವು. ಯಾವ ಪೇಟೆ, ಯಾವ ಆಸ್ಪತ್ರೆ ಅಂತ ಹೇಳಲ್ಲ, ಅದು ಇಲ್ಲಿ ಮುಖ್ಯವೂ ಅಲ್ಲ. ಅಜ್ಜಿಗೆ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ನಾಲ್ಕನೇ ದಿನಕ್ಕೆ ಜ್ವರ ಇಳಿದಿತ್ತು. "ನಾಡಿದ್ದು ಮನೆಗೆ ಹೋಗಬಹುದು" ಅಂತ ಡಾಕ್ಟರು ಹೇಳಿಯೂ ಆಗಿತ್ತು. ಅಜ್ಜಿ ಮನೆಗೆ ಹೋದ ಮೇಲೆ ಏನು ತಿನ್ನಬೇಕು ಅಂತ ಪಟ್ಟಿ ಮಾಡುತ್ತಿದ್ದರು. ಪಟ್ಟಿಯಲ್ಲಿ ಮೊದಲನೆಯದು ಕಳಲೆ ಪಲ್ಯ.

ಆ ಸಂಜೆ ಏಳೂಮುಕ್ಕಾಲಿಗೆ ಆಸ್ಪತ್ರೆ ಊಟ ಬಂತು. ಅನ್ನ, ಸಾರು, ಬೀನ್ಸ್ ಪಲ್ಯ. ಅಜ್ಜಿ ಒಂದು ತುತ್ತು ಬಾಯಿಗಿಟ್ಟು, "ಎಂತದೂ ರುಚಿ ಇಲ್ಲ ಮಾರಾಯ, ಆಮೇಲೆ ನೋಡಣ" ಅಂತ ಆ ಕಡೆ ತಿರುಗಿ ಮಲಗಿದರು. ನನಗೆ ಮಾರನೇ ವಾರ ಇಂಟರ್ನಲ್ಸ್ ಇತ್ತು. ಕಿಟಕಿ ಪಕ್ಕ ಕೂತು ಮೊಬೈಲಿನಲ್ಲಿ ನೋಟ್ಸ್ ಓದುತ್ತಾ, "ಹ್ಞೂಂ ಅಜ್ಜಿ" ಅಂದೆ. ತಟ್ಟೆ ಹಾಗೇ ಇತ್ತು.

ಎಂಟು ಗಂಟೆಗೆ ಶಿಫ್ಟ್ ಬದಲಾಗುತ್ತೆ. ಹೋಗುವ ಸಿಸ್ಟರ್ ಬಾಗಿಲಲ್ಲೇ ನಿಂತು ಆಯಾಳನ್ನು ಕೇಳಿದರು. "ಹನ್ನೆರಡನೇ ಬೆಡ್ಡಿಗೆ ಊಟ ಬಂತಾ?"

"ಬಂತು" ಅಂದಳು ಆಯಾ.

ಸಿಸ್ಟರ್ ಚಾರ್ಟಿನಲ್ಲಿ 'ಊಟ ಆಯಿತು' ಅಂತ ಬರೆದರು.

ಬಂತು ಅನ್ನೋದಕ್ಕೂ ಆಯಿತು ಅನ್ನೋದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಇಬ್ಬರೂ ಸುಳ್ಳು ಹೇಳಿಲ್ಲ. ಎಂಟೂ ಕಾಲಿಗೆ ಬಂದ ರಾತ್ರಿಯ ಸಿಸ್ಟರ್ ಚಾರ್ಟ್ ನೋಡಿದರು, ಊಟ ಆಗಿದೆ ಅಂತಿತ್ತು, ಇನ್ಸುಲಿನ್ ಕೊಟ್ಟರು. ಅವರದ್ದೂ ತಪ್ಪಿಲ್ಲ. ಎಂಟೂವರೆಗೆ ಆಯಾ ಬಂದು ತುಂಬಿದ ತಟ್ಟೆಯನ್ನು ಎತ್ತಿಕೊಂಡು ಹೋದಳು. ತಟ್ಟೆ ತುಂಬಿದೆ ಅನ್ನೋದು ಅವಳಿಗೆ ಗೊತ್ತು. ಇನ್ಸುಲಿನ್ ಕೊಟ್ಟಿದ್ದಾರೆ ಅನ್ನೋದು ಗೊತ್ತಿಲ್ಲ, ಗೊತ್ತಿದ್ದರೂ ಅದರ ಅರ್ಥ ಏನು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಇನ್ಸುಲಿನ್ ಕೊಟ್ಟವರಿಗೆ ತಟ್ಟೆ ತುಂಬಿದೆ ಅಂತ ಗೊತ್ತಿಲ್ಲ.

ಎರಡೂ ಗೊತ್ತಿದ್ದವನು ಆ ಕೋಣೆಯಲ್ಲಿ ಒಬ್ಬನೇ. ಕಿಟಕಿ ಪಕ್ಕ ಕೂತು ನೋಟ್ಸ್ ಓದುತ್ತಿದ್ದವನು.

ಬೆಳಗಿನ ಜಾವ ಐದಕ್ಕೆ ಅಜ್ಜಿಯನ್ನು ಎಬ್ಬಿಸಿದರೆ ಏಳಲಿಲ್ಲ. ಮೈ ಎಲ್ಲಾ ಬೆವರು. ಸಕ್ಕರೆ ಪೂರ್ತಿ ಇಳಿದುಹೋಗಿತ್ತು. ಗ್ಲೂಕೋಸ್ ಏರಿಸಿದರು, ಐಸಿಯುಗೆ ಹಾಕಿದರು. ಮಿದುಳಿಗೆ ಬಹಳ ಹೊತ್ತು ಸಕ್ಕರೆ ಸಿಗದೆ ಹೋದರೆ ಆಮೇಲೆ ಎಷ್ಟು ಕೊಟ್ಟರೂ ಅದು ಮೊದಲಿನ ಹಾಗೆ ಆಗುವುದಿಲ್ಲವಂತೆ. ಹನ್ನೊಂದು ದಿನ ಇದ್ದರು. ಕಣ್ಣು ಬಿಡಲಿಲ್ಲ.

ಆಮೇಲೆ ನಡೆದದ್ದು ನೀವು ಊಹಿಸಬಹುದು. ಚಿಕ್ಕಪ್ಪ ಆಸ್ಪತ್ರೆಯ ಆಫೀಸಿನಲ್ಲಿ ಟೇಬಲ್ ಗುದ್ದಿ ಕೂಗಾಡಿದರು. ನಾವೆಲ್ಲ ಹಿಂದೆ ನಿಂತಿದ್ದೆವು. "ಯಾರು ಜವಾಬ್ದಾರಿ ಹೇಳಿ" ಅಂತ ಕೇಳಿದೆವು. ಅವರು ಹುಡುಕಿ ಕೊಟ್ಟರು. ಆಯಾಳನ್ನು ಕೆಲಸದಿಂದ ತೆಗೆದರು. ಅವಳು ಗುತ್ತಿಗೆಯವಳು, ತೆಗೆಯೋದು ಸುಲಭ. ನಮಗೆ ನ್ಯಾಯ ಸಿಕ್ಕಿತು ಅಂದುಕೊಂಡು ಊರಿಗೆ ಬಂದೆವು.

ಚಾರ್ಟು ಮಾತ್ರ ಹಾಗೇ ಇತ್ತು. ಬಾಗಿಲಲ್ಲಿ ನಿಂತು ಕೇಳುವ ಪದ್ಧತಿಯೂ ಹಾಗೇ ಇತ್ತು. ಮಾರನೇ ದಿನ ಎಂಟು ಗಂಟೆಗೆ ಅದೇ ಬಾಗಿಲಲ್ಲಿ ಇನ್ಯಾರೋ ಇನ್ಯಾರನ್ನೋ "ಊಟ ಬಂತಾ" ಅಂತ ಕೇಳಿರುತ್ತಾರೆ.

ತಟ್ಟೆಯ ವಿಷಯ ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೂ.

* * *

ಈಗ ಎರಡನೇ ಕಥೆ. 2024ರ ಜುಲೈ. ಶನಿವಾರ, ಭಾನುವಾರ ಅಂತ ಊರಿಗೆ ಹೋಗಿದ್ದೆ. ನಮ್ಮನೆ ಕಳಸದಿಂದ ಏಳೆಂಟು ಕಿಲೋಮೀಟರ್ ಒಳಗೆ. ನಾಲ್ಕು ಎಕರೆ ಕಾಫಿ, ಅದರ ಮಧ್ಯ ಅಡಿಕೆ, ಮರಕ್ಕೆ ಹಬ್ಬಿಸಿದ ಕಾಳುಮೆಣಸು. ಆ ಜುಲೈ ಮಳೆ ನೆನಪಿದೆಯಾ? ಹೊರನಾಡಿನ ದಾರಿಯ ಹೆಬ್ಬಾಳೆ ಸೇತುವೆ ಮೇಲೆ ಭದ್ರೆ ಹರಿಯೋದು ನಮಗೆ ಪ್ರತಿ ಮಳೆಗಾಲದ ಸುದ್ದಿ. ಕರೆಂಟ್ ಹೋಗಿ ಎರಡು ದಿನ ಆಗಿತ್ತು. ಮೊಬೈಲ್ ಸಿಗ್ನಲ್ ಬೇಕಾದರೆ ಕಣದ ಮೂಲೆಗೆ ಹೋಗಿ ಕೊಡೆ ಹಿಡಿದು ನಿಲ್ಲಬೇಕು.

ರಾತ್ರಿ ಎರಡು ಗಂಟೆಗೆ ಅಮ್ಮ ಎಬ್ಬಿಸಿದರು. ಅಪ್ಪ ಜಗಲಿಯಲ್ಲಿ ಕೂತಿದ್ದರು. ಎದೆ ಹಿಡಿದುಕೊಂಡ ಹಾಗೆ ಆಗ್ತಿದೆಯಂತೆ. "ಗ್ಯಾಸ್ಟ್ರಿಕ್ ಕಣೋ, ರಾತ್ರಿ ಹಲಸಿನ ಹಪ್ಪಳ ಜಾಸ್ತಿ ಆಯ್ತು" ಅಂದರು. ಮಲೆನಾಡಿನಲ್ಲಿ ಅರ್ಧ ಹಾರ್ಟ್ ಅಟ್ಯಾಕುಗಳು ಶುರುವಾಗೋದೇ ಹೀಗೆ ಅನ್ನಿಸುತ್ತೆ. ಜೀರಿಗೆ ಕಷಾಯ, ಸೋಡಾ, ಬೆನ್ನಿಗೆ ವಿಕ್ಸ್, ಅಷ್ಟರಲ್ಲಿ ಎರಡು ಗಂಟೆ ಹೊತ್ತು ಹೋಗಿರುತ್ತೆ. ಆದರೆ ಅಪ್ಪನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಜುಲೈನ ಆ ಚಳಿಯಲ್ಲಿ ಬೆವರು! ನನಗೆ ಅಜ್ಜಿಯ ಬೆವರು ನೆನಪಾಯಿತು. ಕಷಾಯಕ್ಕೆ ಕಾಯಲಿಲ್ಲ.

ಪಕ್ಕದ ಎಸ್ಟೇಟಿನ ಜೀಪ್ ಡ್ರೈವರನ್ನು ಎಬ್ಬಿಸಿದೆ. ಅವನು ಬಂದವನೇ ಮೊದಲು ಮಾಡಿದ ಕೆಲಸ ಏನು ಗೊತ್ತಾ? ಅಪ್ಪನನ್ನು ನಡೆಸಬೇಡಿ ಅಂದ. ಕುರ್ಚಿ ಸಮೇತ ಎತ್ತಿಸಿ ಜೀಪಿಗೆ ಕೂರಿಸಿದ. "ಹಿಂದೆ ನಮ್ಮ ರೈಟರನ್ನ ನಡೆಸ್ಕೊಂಡು ಹೋಗಿ ಕಳ್ಕೊಂಡ್ವಿ" ಅಂದ. ಆಮೇಲೆ ಕಣದ ಮೂಲೆಗೆ ಹೋಗಿ ಆಸ್ಪತ್ರೆಗೆ ಫೋನ್ ಮಾಡಿದ. ಹೊರಡುವ ಮೊದಲೇ! ಆ ಫೋನಿನಿಂದ ನಮಗೆ ಹದಿನೈದು ನಿಮಿಷ ಉಳಿಯಿತು. ನಾವು ಹೋಗುವಷ್ಟರಲ್ಲಿ ಜನರೇಟರ್ ಓಡುತ್ತಿತ್ತು, ಇಸಿಜಿ ಮೆಷಿನ್ ಮಂಚದ ಪಕ್ಕ ಬಂದಿತ್ತು, ಸಿಸ್ಟರ್ ಬಾಗಿಲಲ್ಲೇ ನಿಂತಿದ್ದರು.

ಸಿಸ್ಟರ್ ಇಸಿಜಿ ತೆಗೆದು ಫೋಟೋ ಹೊಡೆದು ವಾಟ್ಸಾಪಿನಲ್ಲಿ ಕಳಿಸಿದರು. ಡ್ಯೂಟಿ ಡಾಕ್ಟರು ಕ್ವಾರ್ಟರ್ಸಿನಿಂದ ರೈನ್ ಕೋಟಿನಲ್ಲಿ ಓಡಿ ಬರುವಷ್ಟರಲ್ಲಿ ಘಟ್ಟದ ಕೆಳಗಿನ ಹೃದಯ ತಜ್ಞರ ಉತ್ತರ ಬಂದಿತ್ತು. ಆಮೇಲೆ ಮಾತ್ರೆ ಜಗಿಸಿದರು, ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಕೊಟ್ಟರು. ಅದರ ಜೊತೆಗೆ ಹೊಸದಾಗಿ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ಇಂಜೆಕ್ಷನ್. ಆಗ ಮೂರು ಗಂಟೆ ನಲವತ್ತು ನಿಮಿಷ. ಸಿಸ್ಟರ್ ಆ ಸಮಯವನ್ನು ಜೋರಾಗಿ ಹೇಳಿ, ಅಪ್ಪನ ಕೈಗೆ ಅಂಟಿಸಿದ ಬಿಳಿ ಪ್ಲಾಸ್ಟರ್ ಮೇಲೆ ಪೆನ್ನಿನಲ್ಲಿ ಬರೆದರು. ಆಗ ನನಗೆ ಅದು ವಿಚಿತ್ರ ಅನ್ನಿಸಿತ್ತು.

ಹೀಗೆ ಇಸಿಜಿಯನ್ನು ವಾಟ್ಸಾಪಿನಲ್ಲಿ ಕಳಿಸೋದು ನಮ್ಮ ಕಡೆ ಹೊಸದಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಅಂತ ಶುರು ಮಾಡಿದರು. ಹಳ್ಳಿ ಆಸ್ಪತ್ರೆಗಳಿಗೆ ಇಸಿಜಿ ಮೆಷಿನ್ ಕೊಡಿಸೋದು, ಅಲ್ಲಿನ ಡಾಕ್ಟರುಗಳನ್ನೂ ಪೇಟೆಯ ತಜ್ಞರನ್ನೂ ಒಂದೇ ವಾಟ್ಸಾಪ್ ಗುಂಪಿಗೆ ಸೇರಿಸೋದು, ಇಷ್ಟೇ ಅದರ ಐಡಿಯಾ. ಒಬ್ಬ ಆಟೋ ಡ್ರೈವರ್ ಇಸಿಜಿ ಆಗೋದು ತಡವಾಗಿ ತೀರಿಹೋದದ್ದು ಅವರನ್ನು ಇದಕ್ಕೆ ಹಚ್ಚಿತಂತೆ. ಆಮೇಲೆ 2023ರಲ್ಲಿ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ಘೋಷಿಸಿತು. ಪುನೀತ್ ಹೋಗಿದ್ದು 2021ರ ಅಕ್ಟೋಬರ್ 29ಕ್ಕೆ, ನೆನಪಿದೆಯಲ್ಲ. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಕೇಂದ್ರಕ್ಕೆ ಕಳಿಸುವುದು, ಅವರು ನೋಡಿ ಹೌದು ಅಂದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುವುದು ಅದರ ಉದ್ದೇಶ.

ನಮ್ಮ ಊರಿನ ಲೆಕ್ಕದಲ್ಲಿ ಇದು ಎಷ್ಟು ದೊಡ್ಡದು ಅಂತ ಪೇಟೆಯವರಿಗೆ ಅರ್ಥ ಆಗಲಿಕ್ಕಿಲ್ಲ. ಆ ಇಂಜೆಕ್ಷನ್ ಮೊದಲ ಎರಡು ಮೂರು ಗಂಟೆಯೊಳಗೆ ಬಿದ್ದರೆ ಒಳ್ಳೆಯ ಕೆಲಸ ಮಾಡುತ್ತೆ, ಹೊತ್ತು ಹೋದ ಹಾಗೆ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತೆ. ಕಳಸದಿಂದ ಕುದುರೆಮುಖ, ಎಸ್.ಕೆ. ಬಾರ್ಡರ್, ಬಜಗೋಳಿ, ಕಾರ್ಕಳ ದಾಟಿ ಕೆಳಗಿಳಿಯೋಕೆ ಮಳೆಯ ರಾತ್ರಿ ಎಷ್ಟು ಹೊತ್ತು ಬೇಕೋ ದೇವರಿಗೇ ಗೊತ್ತು. ಮೂಡಿಗೆರೆ ಕಡೆಯವರಿಗೆ ಕೊಟ್ಟಿಗೆಹಾರದಿಂದ ಚಾರ್ಮಾಡಿ. ಅದು 2019ರ ಆಗಸ್ಟಿನಲ್ಲಿ ಕುಸಿದಾಗ ಏನಾಯಿತು ಅಂತ ಗೊತ್ತಲ್ಲ. ಅಂದರೆ ಗುಡ್ಡದ ಮೇಲಿನ ಚಿಕ್ಕ ಆಸ್ಪತ್ರೆ, ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆ, ಮಧ್ಯದ ಆಂಬುಲೆನ್ಸ್ ಮೂರೂ ಸೇರಿ ಒಂದೇ ಆಸ್ಪತ್ರೆ ಅನ್ನುವ ಹಾಗೆ ಕೆಲಸ ಮಾಡಬೇಕು. ಇಲ್ಲದಿದ್ದರೆ ನಮ್ಮವರು ಬದುಕಲ್ಲ.

* * *

108 ಬಂತು. (ಕರ್ನಾಟಕದಲ್ಲಿ ಇದು ಶುರುವಾಗಿದ್ದು 2008ರ ನವೆಂಬರ್ 1ಕ್ಕೆ. ಅದಕ್ಕೆ ಮೊದಲು ನಮ್ಮೂರಿನಲ್ಲಿ ಆಂಬುಲೆನ್ಸ್ ಅಂದರೆ ಯಾವುದೋ ಎಸ್ಟೇಟಿನ ಜೀಪು ಅಷ್ಟೇ.) ಅದರಲ್ಲಿ ಇಬ್ಬರು ಇರ್ತಾರೆ, ಡ್ರೈವರಿಗೆ ಪೈಲಟ್ ಅಂತಾರೆ, ಇನ್ನೊಬ್ಬ ಇಎಂಟಿ. ಇಎಂಟಿ ಹುಡುಗ ಉತ್ತರ ಕರ್ನಾಟಕದವನು. ದಾರಿಯುದ್ದಕ್ಕೂ ಅಪ್ಪನ ಜೊತೆ ಮಾತಾಡುತ್ತಲೇ ಇದ್ದ. "ನಿಮ್ಮ ಕಾಫಿ ಗಿಡಕ್ಕ ಎಷ್ಟು ವರ್ಷ ಆತ್ರಿ ಕಾಕಾ?" ಅಂತ. ಅಪ್ಪ ಆ ನೋವಿನಲ್ಲೂ ರೋಬಸ್ಟಾಕ್ಕೂ ಅರೇಬಿಕಾಕ್ಕೂ ಏನು ವ್ಯತ್ಯಾಸ ಅಂತ ಅವನಿಗೆ ಹೇಳುತ್ತಿದ್ದರು. ಎಚ್ಚರ ತಪ್ಪದ ಹಾಗೆ ನೋಡಿಕೊಳ್ಳೋ ಉಪಾಯ ಅದು ಅಂತ ನನಗೆ ಆಮೇಲೆ ಹೊಳೆಯಿತು.

ಬೆಳಗ್ಗೆ ಏಳರ ಸುಮಾರಿಗೆ ಕೆಳಗಿನ ಆಸ್ಪತ್ರೆಗೆ ಸೇರಿದೆವು. ಅಲ್ಲೂ ಶಿಫ್ಟ್ ಬದಲಾಗುವ ಹೊತ್ತು. ಎಮರ್ಜೆನ್ಸಿಯಲ್ಲಿ ಗಲಾಟೆ. ನಮ್ಮ ಕೈಲಿದ್ದ ರೆಫರಲ್ ಚೀಟಿ ಮಳೆಗೆ ಅರ್ಧ ಒದ್ದೆಯಾಗಿ ಶಾಯಿ ಹರಡಿತ್ತು. ಒಬ್ಬರು ಯುವ ಡಾಕ್ಟರು, ಇಡೀ ರಾತ್ರಿ ನಿದ್ದೆ ಮಾಡಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು, ಚೀಟಿ ನೋಡಿ, ಇಸಿಜಿ ನೋಡಿ, ಸಿಸ್ಟರಿಗೆ ಒಂದು ಇಂಜೆಕ್ಷನ್ ಹೆಸರು ಹೇಳಿದರು. ಆ ಹೆಸರು ನನಗೆ ಅರ್ಥವಾಗಲಿಲ್ಲ. ಇಎಂಟಿ ಹುಡುಗನಿಗೆ ಅರ್ಥವಾಯಿತು.

"ಸರ, ಅದು ಮ್ಯಾಲೆ ಕೊಟ್ಟಾರ್ರೀ" ಅಂದ.

ಡಾಕ್ಟರು ಅವನ ಕಡೆ ನೋಡಲೂ ಇಲ್ಲ. "ಚೀಟಿಯಲ್ಲಿ ಇಲ್ಲ" ಅಂದರು.

"ಚೀಟಿ ತೊಯ್ದೈತ್ರಿ ಸರ. ಮೂರು ನಲವತ್ತಕ್ಕ ಕೊಟ್ಟಾರ. ಕೈ ಮ್ಯಾಲೆ ಬರದಾರ ನೋಡ್ರಿ."

ಈಗ ಒಂದು ಕ್ಷಣ ಯೋಚನೆ ಮಾಡಿ. ಅವನು ಇಪ್ಪತ್ನಾಲ್ಕು, ಇಪ್ಪತ್ತೈದರ ಹುಡುಗ. ಆ ಆಸ್ಪತ್ರೆಯ ನೌಕರ ಅಲ್ಲ. ಅವನ ಕೆಲಸ ಸ್ಟ್ರೆಚರ್ ಒಪ್ಪಿಸಿ ಸಹಿ ಹಾಕಿಸಿಕೊಂಡ ಕೂಡಲೇ ಮುಗೀತು. ಸುಮ್ಮನೆ ಹೋಗಿದ್ದರೆ ಯಾರೂ ಅವನನ್ನು ಕೇಳುತ್ತಿರಲಿಲ್ಲ. ಅವನು ಎರಡನೇ ಸಲ ಹೇಳಿದ. ಮೊದಲ ಸಲ ಹೇಳುವವರು ಬಹಳ ಜನ ಇರ್ತಾರೆ. ಕಡೆಗಣಿಸಿದ ಮೇಲೂ ಎರಡನೇ ಸಲ ಹೇಳೋದಿದೆಯಲ್ಲ, ಅದು ಕಷ್ಟ.

ಡಾಕ್ಟರು ಅಪ್ಪನ ಕೈ ಎತ್ತಿ ಪ್ಲಾಸ್ಟರ್ ಓದಿದರು. ಸಿಸ್ಟರಿಗೆ "ನಿಲ್ಲಿ" ಅಂದರು. ಮೇಲಿನ ಆಸ್ಪತ್ರೆಗೆ ಫೋನ್ ಹಚ್ಚಿ ಕೇಳಿದರು. ಆಮೇಲೆ ಎಲ್ಲರ ಎದುರಿಗೇ ಆ ಹುಡುಗನ ಕಡೆ ತಿರುಗಿ, "ಒಳ್ಳೇದಾಯ್ತು ನೀನು ಹೇಳಿದ್ದು. ಥ್ಯಾಂಕ್ಸ್" ಅಂದರು.

ಹೆಪ್ಪು ಕರಗಿಸುವ ಮದ್ದು ಬಿದ್ದಿರುವ ಮೈಗೆ ಆ ಎರಡನೇ ಇಂಜೆಕ್ಷನ್ ಹೊತ್ತಿಗೆ ಮೊದಲೇ ಮತ್ತೊಮ್ಮೆ ಬಿದ್ದಿದ್ದರೆ ಒಳಗೆ ರಕ್ತಸ್ರಾವ ಆಗುವ ಅಪಾಯ ಇತ್ತಂತೆ, ಮಿದುಳಿನಲ್ಲೂ ಆಗಬಹುದಿತ್ತಂತೆ. ಆಗೇ ಆಗುತ್ತಿತ್ತು ಅಂತ ಹೇಳಲಾಗದು. ಆಗದೆಯೂ ಇರಬಹುದಿತ್ತು. ಅಪ್ಪ ಈಗ ದಿನಾ ಬೆಳಗ್ಗೆ ತೋಟಕ್ಕೆ ಒಂದು ಸುತ್ತು ಹೊಡೆಯುತ್ತಾರೆ. ಹಪ್ಪಳ ಬಿಟ್ಟಿದ್ದಾರೆ. (ಅಂತ ಅಮ್ಮನ ಎದುರಿಗೆ ಹೇಳುತ್ತಾರೆ.)

* * *

ನಾನು ಸಾಫ್ಟ್‌ವೇರಿನವನು. ಏನೇ ಆದರೂ ಮೊದಲು ಗೂಗಲ್, ಆಮೇಲೆ ಆಲೋಚನೆ. ಅಪ್ಪ ಐಸಿಯುನಲ್ಲಿ ಇದ್ದಾಗ ಹೊರಗೆ ಬೆಂಚಿನ ಮೇಲೆ ಕೂತು ಒಂದಷ್ಟು ಓದಿದೆ. ಅದರಲ್ಲಿ ಎರಡು ವಿಷಯ ತಲೆಯಲ್ಲಿ ಉಳಿದವು.

ಒಂದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್ ಥಿಯೇಟರಿಗೆ ಅಂತ ಹತ್ತೊಂಬತ್ತು ಅಂಶಗಳ ಒಂದು ಪಟ್ಟಿ ಮಾಡಿತು. ಅದನ್ನು ದೆಹಲಿಯೂ ಸೇರಿ ಎಂಟು ಊರುಗಳ ಎಂಟು ಆಸ್ಪತ್ರೆಗಳಲ್ಲಿ ಪ್ರಯೋಗ ಮಾಡಿದರು. 2009ರ ಜನವರಿಯಲ್ಲಿ ಫಲಿತಾಂಶ ಬಂತು. ಆಪರೇಷನ್ ಆದವರಲ್ಲಿ ಸಾವು ಶೇಕಡಾ 1.5ರಿಂದ 0.8ಕ್ಕೆ ಇಳಿದಿತ್ತು, ದೊಡ್ಡ ತೊಂದರೆಗಳು ಶೇಕಡಾ 11ರಿಂದ 7ಕ್ಕೆ. ಹೊಸ ಮದ್ದಿಲ್ಲ, ಹೊಸ ಮೆಷಿನ್ ಇಲ್ಲ. ಪಟ್ಟಿಯಲ್ಲಿ ಏನಿದೆ ಅಂತ ನೋಡಿದರೆ ನಗು ಬರುತ್ತೆ. ಚಾಕು ಹಚ್ಚುವ ಮೊದಲು ಅಲ್ಲಿರುವ ಎಲ್ಲರೂ ತಮ್ಮ ಹೆಸರು ಮತ್ತು ಕೆಲಸ ಹೇಳಬೇಕು! ಇಷ್ಟು ಸಣ್ಣದು ಯಾಕೆ ಅಂದರೆ, ಒಮ್ಮೆ ಬಾಯಿ ಬಿಟ್ಟವರು ಮತ್ತೊಮ್ಮೆ ಬಾಯಿ ಬಿಡೋದು ಸುಲಭವಂತೆ. ಹೆಸರೇ ಹೇಳದೆ ಮೂಲೆಯಲ್ಲಿ ನಿಂತವರು ತಪ್ಪು ಕಂಡರೂ ಸುಮ್ಮನಿರ್ತಾರೆ.

ಎರಡು. ಏಮಿ ಎಡ್ಮಂಡ್‌ಸನ್ ಅಂತ ಅಮೆರಿಕದ ಒಬ್ಬ ಸಂಶೋಧಕಿ. ತೊಂಬತ್ತರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಮದ್ದು ಕೊಡುವುದರಲ್ಲಿ ಆಗುವ ತಪ್ಪುಗಳ ಬಗ್ಗೆ ಅಧ್ಯಯನ ಮಾಡಿದರು. ಒಳ್ಳೆಯ ಟೀಮುಗಳಲ್ಲಿ ತಪ್ಪು ಕಡಿಮೆ ಇರುತ್ತೆ ಅಂದುಕೊಂಡು ಲೆಕ್ಕ ಹಾಕಿದರೆ, ಒಳ್ಳೆಯ ಟೀಮುಗಳಲ್ಲೇ ತಪ್ಪು ಜಾಸ್ತಿ ದಾಖಲಾಗಿದ್ದವು! ಆಮೇಲೆ ಹೊಳೆದದ್ದು ಏನೆಂದರೆ, ಅಲ್ಲಿ ತಪ್ಪು ಹೆಚ್ಚು ಆಗುತ್ತಿರಲಿಲ್ಲ, ಹೆಚ್ಚು ಹೇಳಿಕೊಳ್ಳುತ್ತಿದ್ದರು. ಬೇರೆ ಟೀಮುಗಳಲ್ಲಿ ಹೆದರಿ ಮುಚ್ಚಿಡುತ್ತಿದ್ದರು.

ಇದು ನನಗೆ ತಕ್ಷಣ ಅರ್ಥವಾಯಿತು. ನಮ್ಮಲ್ಲೂ ಒಂದೇ ಒಂದು ಬಗ್ ಇಲ್ಲ ಅಂತ ರಿಪೋರ್ಟ್ ಬಂದರೆ ಕೋಡ್ ಚೆನ್ನಾಗಿದೆ ಅಂತ ಅರ್ಥ ಅಲ್ಲ, ಯಾರೂ ಟೆಸ್ಟ್ ಮಾಡಿಲ್ಲ ಅಂತ ಅರ್ಥ. ನಮ್ಮಲ್ಲಿ ಸರ್ವರ್ ಬಿದ್ದರೆ ಆಮೇಲೆ ಒಂದು ಮೀಟಿಂಗ್ ಮಾಡ್ತಾರೆ. ಅದರ ಮೊದಲ ನಿಯಮ, 'ಯಾರು' ಅಂತ ಕೇಳಬಾರದು, 'ಹೇಗೆ' ಅಂತ ಕೇಳಬೇಕು. ಯಾರು ಅಂತ ಕೇಳಿದ ತಕ್ಷಣ ಎಲ್ಲರೂ ಬಾಯಿ ಮುಚ್ಚಿಕೊಳ್ತಾರೆ, ಮುಂದಿನ ಸಲ ಸರ್ವರ್ ಬೀಳೋವರೆಗೂ ನಿಮಗೆ ಏನೂ ಗೊತ್ತಾಗಲ್ಲ.

ನಮ್ಮದು ಯಾವುದೋ ಸೋಪು ಮಾರುವ ವೆಬ್‌ಸೈಟು. ಅದಕ್ಕೆ ಇಷ್ಟು ಮರ್ಯಾದೆ. ಅಜ್ಜಿಯ ವಿಷಯದಲ್ಲಿ ನಾವು ಕೇಳಿದ್ದು ಮಾತ್ರ 'ಯಾರು' ಅಂತ.

* * *

ಅಪ್ಪ ಸುಧಾರಿಸಿದ ಮೇಲೆ ಮನೆಯ ಕಾಫಿಪುಡಿ ತಗೊಂಡು ಮೇಲಿನ ಆಸ್ಪತ್ರೆಗೆ ಹೋದೆ. ಸರ್ಕಾರ ಈಗ ಅವರನ್ನು ಶುಶ್ರೂಷಾಧಿಕಾರಿ ಅಂತ ಕರೆಯುತ್ತೆ, ನಮಗೆ ಈಗಲೂ ಸಿಸ್ಟರೇ. ಥ್ಯಾಂಕ್ಸ್ ಹೇಳಿ ಸುಮ್ಮನೆ ಬರಬೇಕಿತ್ತು. ಆದರೆ ಇಂಜಿನಿಯರ್ ಬುದ್ಧಿ ನೋಡಿ, "ಸಿಸ್ಟರ್, ನಿಮಗೊಂದು ಆಪ್ ಮಾಡಿಕೊಡ್ತೀನಿ. ಶಿಫ್ಟ್ ಬದಲಾಗೋವಾಗ ಎಲ್ಲಾ ಮಾಹಿತಿ ತನ್ನಷ್ಟಕ್ಕೇ ಹೋಗುತ್ತೆ" ಅಂದೆ.

ಅವರು ನಕ್ಕರು. "ಈಗಾಗಲೇ ಆರು ಆಪ್ ಇದೆ ಮಾರಾಯ್ರೆ. ಅದಕ್ಕೆ ತುಂಬಿಸೋಕೆ ನೆಟ್‌ವರ್ಕ್ ಹುಡ್ಕೊಂಡು ಹೊರಗೆ ಹೋಗಬೇಕು. ಅಷ್ಟು ಹೊತ್ತು ಪೇಷೆಂಟನ್ನ ಯಾರು ನೋಡೋದು?"

ಮತ್ತೆ ನೀವು ಹೇಗೆ ಮಾಡ್ತೀರಿ ಅಂತ ಕೇಳಿದೆ. ಅವರು ಹೇಳಿದ್ದು ಇಷ್ಟು. ಶಿಫ್ಟ್ ಬದಲಾಗುವಾಗ ಐದು ನಿಮಿಷ ಎಲ್ಲರೂ ವಾರ್ಡಿನ ಮಧ್ಯ ನಿಲ್ಲೋದು. ಆಫೀಸಿನಲ್ಲಿ ಅಲ್ಲ, ಬೆಡ್ ಪಕ್ಕ. ಡಾಕ್ಟರು, ಸಿಸ್ಟರು, ಲ್ಯಾಬಿನವರು, ಫಾರ್ಮಸಿಯವರು, ಗುಡಿಸುವ ಗ್ರೂಪ್ ಡಿ ಅಕ್ಕ, ಎಲ್ಲರೂ. ಯಾರಿಗಾದರೂ ಏನಾದರೂ ಹೇಳಿದರೆ ಕೇಳಿದವರು ಅದನ್ನೇ ತಿರುಗಿ ಹೇಳಬೇಕು. "ಹ್ಞೂಂ" ಅಂದರೆ ಲೆಕ್ಕಕ್ಕಿಲ್ಲ.

"ಮತ್ತೆ, ಗ್ರೂಪ್ ಡಿ ಅಕ್ಕ ಮೊದಲು ಮಾತಾಡೋದು" ಅಂದರು.

"ಮೊದಲು ಯಾಕೆ?"

"ಡಾಕ್ಟರು ಮೊದಲು ಮಾತಾಡಿದ್ರೆ ಆಮೇಲೆ ಅವಳು ಬಾಯಿ ಬಿಡ್ತಾಳಾ? ರಾತ್ರಿ ಯಾರು ಎದ್ದು ಓಡಾಡಿದ್ರು, ಯಾರು ವಾಂತಿ ಮಾಡಿದ್ರು, ಯಾರು ಊಟ ಬಿಟ್ರು, ಅದೆಲ್ಲ ಗೊತ್ತಿರೋದು ಅವಳಿಗೇ."

ಯಾರು ಊಟ ಬಿಟ್ಟರು...

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಜ್ಜಿಯ ಕಥೆ ಹೇಳಿದೆ. ತಟ್ಟೆಯ ವಿಷಯವನ್ನೂ ಹೇಳಿದೆ. ಆರು ವರ್ಷದಲ್ಲಿ ಮೊದಲ ಸಲ. ಸಿಸ್ಟರ್ ಸಮಾಧಾನ ಏನೂ ಹೇಳಲಿಲ್ಲ. "ನಿಮ್ಮನ್ನ ಯಾರೂ ಕೇಳ್ಲಿಲ್ಲ, ಅಲ್ವಾ?" ಅಂದರು. ಸ್ವಲ್ಪ ತಡೆದು, "ಆ ಆಯಾಳನ್ನೂ ಕೇಳಿರಲ್ಲ" ಅಂದರು.

ಇದೆಲ್ಲ ಕೇಳಿ ಅಲ್ಲಿ ರಾಮರಾಜ್ಯ ಇದೆ ಅಂದುಕೊಳ್ಳಬೇಡಿ. ಆ ಐದು ನಿಮಿಷದ ಪದ್ಧತಿ ಮೂರು ಸಲ ನಿಂತುಹೋಗಿ ಮತ್ತೆ ಶುರುವಾಗಿದೆಯಂತೆ. ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಎರಡು ಶಿಫ್ಟ್ ಎಳೀಬೇಕು, ಆಗ ನಿಲ್ಲೋಕೆ ಯಾರಿಗೂ ಐದು ನಿಮಿಷವೂ ಇರಲ್ಲ. ಗುಡ್ಡದ ಮೇಲಿನ ಊರಿಗೆ ಡಾಕ್ಟರು ಬರೋದೇ ಕಷ್ಟ, ಬಂದವರು ನಿಲ್ಲೋದು ಇನ್ನೂ ಕಷ್ಟ. ಅದಕ್ಕಿಂತ ದೊಡ್ಡ ಸಮಸ್ಯೆ ಅಂತ ಅವರು ಹೇಳಿದ್ದು ಇನ್ನೊಂದು. ಒಂದೇ ಕೋಣೆಯಲ್ಲಿ ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬರು ಪರ್ಮನೆಂಟ್, ಒಬ್ಬರು ಗುತ್ತಿಗೆ. ಸಂಬಳ ಬೇರೆ, ರಜೆ ಬೇರೆ. ನಾಳೆ ತೆಗೆದುಹಾಕ್ತಾರೇನೋ ಅನ್ನೋ ಹೆದರಿಕೆಯಲ್ಲಿ ಇರುವವಳು ತಾನು ಮಾಡಿದ ತಪ್ಪನ್ನ ಹೇಳಿಕೊಳ್ತಾಳಾ?

ಆಶಾ ಕಾರ್ಯಕರ್ತೆಯರನ್ನೇ ನೋಡಿ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಬಂದ ವ್ಯವಸ್ಥೆ ಅದು. ನಮ್ಮ ಎಸ್ಟೇಟ್ ಲೈನುಗಳಲ್ಲಿ ಯಾವ ಹೆಂಗಸಿಗೆ ಎಷ್ಟನೇ ತಿಂಗಳು, ಅಸ್ಸಾಮಿನಿಂದ ಬಂದ ಯಾವ ಕೂಲಿಯವನ ಮಗುವಿಗೆ ಲಸಿಕೆ ಬಾಕಿ ಇದೆ, ಎಲ್ಲಾ ಅವರ ತಲೆಯಲ್ಲಿ ಇರುತ್ತೆ. ಕೊಪ್ಪ, ನರಸಿಂಹರಾಜಪುರದ ಕಡೆ ಮಂಗನ ಕಾಯಿಲೆ ಬಂದಾಗ ಕಾಡಂಚಿನ ಮನೆಮನೆಗೆ ಹೋಗಿ ಉಣುಗಿಗೆ ಹಚ್ಚುವ ಎಣ್ಣೆ ಹಂಚಿ, ಯಾರಿಗೆ ಜ್ವರ ಅಂತ ಬರೆದುಕೊಂಡು ಬಂದವರಲ್ಲಿ ಅವರೂ ಇದ್ದರು. ಆದರೂ ಅವರು ನೌಕರರಲ್ಲ, 'ಸ್ವಯಂಸೇವಕಿಯರು'. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲು ರಾತ್ರಿ ಕೂತರು. ಕೊನೆಗೆ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಕೊಡುವ ಭರವಸೆ ಸಿಕ್ಕಿತು. ನಾನು ಆ ದಾರಿಯಲ್ಲಿ ಹೋಗುವಾಗ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಕ್ಯಾಬಿನವನು ಬೈದುಕೊಳ್ಳುತ್ತಿದ್ದ. ನನಗೆ ಬೈಯಲು ಬಾಯಿ ಬರಲಿಲ್ಲ.

ಟೀಮ್ ವರ್ಕ್ ಅನ್ನೋದು ಹಳದಿ ಚೀಟಿ ಅಂಟಿಸಿದರೆ ಬರೋದಲ್ಲ ಅಂತ ಹೇಳೋಕೆ ಇಷ್ಟೆಲ್ಲ ಬರೆದೆ. ಕೆಳಗಿನವರು ಹೇಳಿದ್ದನ್ನು ಮೇಲಿನವರು ಕೇಳಬೇಕು, ಕೇಳಿದ್ದಕ್ಕೆ ಎಲ್ಲರ ಎದುರು ಥ್ಯಾಂಕ್ಸ್ ಹೇಳಬೇಕು, ತಪ್ಪು ಹೇಳಿಕೊಂಡವರ ಅನ್ನ ಕಿತ್ತುಕೊಳ್ಳಬಾರದು. ನನಗೆ ಗೊತ್ತಾಗಿದ್ದು ಇಷ್ಟೇ.

ಇನ್ನು ನಮ್ಮ ನಿಮ್ಮ ಪಾಲು. ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕೂರುವ ನಾವೂ ಆ ಟೀಮಿನವರೇ, ಸಂಬಳ ಇಲ್ಲ ಅಷ್ಟೇ. ದಯವಿಟ್ಟು ಇಷ್ಟು ಮಾಡಿ. ರೋಗಿ ತೆಗೆದುಕೊಳ್ಳುವ ಮಾತ್ರೆಗಳ ಹೆಸರು ಒಂದು ಹಾಳೆಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ. ರೆಫರಲ್ ಚೀಟಿ ಕೈಗೆ ಬಂದ ಕೂಡಲೇ ಎರಡೂ ಬದಿಯ ಫೋಟೋ ತೆಗೆಯಿರಿ. ಶಿಫ್ಟ್ ಬದಲಾಗುವ ಹೊತ್ತು ಯಾವುದು ಅಂತ ತಿಳಿದುಕೊಂಡು ಆಗ ಮೊಬೈಲ್ ಬದಿಗಿಡಿ, ಹೊಸಬರಿಗೆ ಏನಾಯಿತು ಅಂತ ನೀವೇ ಹೇಳಿ. ಇಂಜೆಕ್ಷನ್ ಕೊಡಲು ಬಂದರೆ ಯಾವುದಕ್ಕೆ ಅಂತ ಮೆಲ್ಲಗೆ ಕೇಳಿ. ಕೇಳಿದರೆ ಬೈತಾರೆ ಅಂತ ಹೆದರಬೇಡಿ. ಬೈದರೆ ಎರಡನೇ ಸಲ ಕೇಳಿ.

ಹಾಂ, ಊಟದ ತಟ್ಟೆ ನೋಡಿ.

ಅಮ್ಮನಿಗೆ ತಟ್ಟೆಯ ವಿಷಯ ಈ ದೀಪಾವಳಿಗೆ ಹೋದಾಗ ಹೇಳಿದೆ. ಒಲೆ ಮುಂದೆ ಕೂತಿದ್ದರು. ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಆ ಹೆಂಗಸಿಗೆ ಇಬ್ಬರು ಮಕ್ಕಳಿದ್ರು ಕಣೋ. ಅಜ್ಜಿ ಹತ್ರ ಹೇಳ್ಕೊತಿದ್ಲು" ಅಂದರು.

ಅವಳ ಹೆಸರು ಏನು ಅಂತ ಕೇಳಿದೆ. ಅಮ್ಮನಿಗೂ ಗೊತ್ತಿರಲಿಲ್ಲ. ಐದು ದಿನ ನಮ್ಮ ಅಜ್ಜಿಯ ತಲೆ ಬಾಚಿದವಳು, ನಾವ್ಯಾರೂ ಹೆಸರು ಕೇಳಿರಲಿಲ್ಲ.